ಕತ್ತಲೆಗೂ ಒಂದು ಲೆಕ್ಕವಿದೆ

ಮಾಧ್ಯಮ ತರಗತಿಗಳಲ್ಲಿ ವಿಡಿಯೊ ಫಾರ್ಮ್ಯಾಟ್ ಒಂದು ಪಾಠ, ಥ್ರಿಲ್ಲರ್ ಇನ್ನೊಂದು ಪಾಠ. ಮೊದಲನೆಯದು ಅಂಕಿಗಳ ಬಾಯಿಪಾಠವಾಗಿ, ಎರಡನೆಯದು ಕತೆಯ ಚರ್ಚೆಯಾಗಿ ಮುಗಿದುಹೋಗುತ್ತದೆ. ವಿದ್ಯಾರ್ಥಿಗಳ ಕಿರುಚಿತ್ರಗಳನ್ನು ನೋಡುತ್ತ ನೋಡುತ್ತ ನನಗೆ ಗಟ್ಟಿಯಾದ ತಿಳಿವಳಿಕೆ ಬೇರೆ. ಇವೆರಡೂ ಕೇಳುವುದು ಒಂದೇ ಪ್ರಶ್ನೆ: ನೋಡುವವರಿಗೆ ಏನನ್ನು ಕೊಡಬೇಕು, ಏನನ್ನು ಬಿಡಬೇಕು? ಮೇಜಿನ ಕೆಳಗೆ ಬಾಂಬಿರುವುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಅದು ಸಸ್ಪೆನ್ಸ್, ಗೊತ್ತಿಲ್ಲದೆ ಸಿಡಿದರೆ ಬರೀ ಬೆಚ್ಚಿಬೀಳುವಿಕೆ ಎಂದು ನಿರ್ದೇಶಕ ಹಿಚ್‌ಕಾಕ್ ವಿವರಿಸಿದ್ದರು. ಅದನ್ನೇ ಶಿವಮೊಗ್ಗದ ಗಾಂಧಿ ಬಜಾರಿಗೆ ತನ್ನಿ. ಬಟ್ಟೆ ಅಂಗಡಿಯಲ್ಲಿ ಯಾರೋ ಚೀಲ ಅದಲುಬದಲು ಮಾಡಿದ್ದು ನಮಗೆ ಕಂಡಿದೆ, ಚೀಲದ ಒಡತಿಗೆ ಕಂಡಿಲ್ಲ. ಆಕೆ ಸೀರೆಗೆ ಚೌಕಾಸಿ ಮಾಡುವ ಒಂದೊಂದು ಗಳಿಗೆಯೂ ನಮಗೆ ಭಾರವಾಗುತ್ತದೆ.

ಆದರೆ ಚೀಲ ಬದಲಿಸಿದ ಆ ಕೈ ಪರದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕಲ್ಲ! ಫಾರ್ಮ್ಯಾಟಿನ ಮಾತು ಬರುವುದು ಇಲ್ಲಿಯೇ. ಎಂಪಿ4 ಎನ್ನುವುದು ವಿಡಿಯೊ ತುಂಬುವ ಡಬ್ಬಿ ಮಾತ್ರ. ಒಳಗೆ ಚಿತ್ರವನ್ನು ಅಡಕಗೊಳಿಸುವ ಕ್ರಮ ಎಚ್.264ರಂಥ ಕೋಡೆಕ್. ಅದು ಆಗೊಮ್ಮೆ ಈಗೊಮ್ಮೆ ಪೂರ್ತಿ ಫ್ರೇಮನ್ನು ಉಳಿಸಿ, ನಡುವಿನವುಗಳಲ್ಲಿ ಬಹುಮಟ್ಟಿಗೆ ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ಅಲುಗಾಡದ ಗೋಡೆಗೆ ಹೆಚ್ಚೇನೂ ಖರ್ಚಿಲ್ಲ. ಸಂಜೆಯ ಬಜಾರಿನಲ್ಲಿ ಎಲ್ಲವೂ ಅಲುಗಾಡುತ್ತದೆ: ಜನ, ಸ್ಕೂಟರ್, ತೂಗುಹಾಕಿದ ಬಟ್ಟೆ. ಬಿಟ್ ರೇಟ್, ಅಂದರೆ ಸೆಕೆಂಡಿಗೆ ಬರೆದಿಡುವ ದತ್ತಾಂಶ, ಕಡಿಮೆಯಿದ್ದರೆ ಎಲ್ಲಕ್ಕೂ ಸಾಲದೆ, ಕತೆ ನಿಂತಿರುವ ಆ ಕೈಯೇ ಕಲಸಿಹೋಗುತ್ತದೆ. ಹಾಗಾಗಿ 4ಕೆ ಎಂದಾಕ್ಷಣ ಹಿಗ್ಗಬೇಕಿಲ್ಲ. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 3840×2160ರಲ್ಲಿ ಅದರ ನಾಲ್ಕು ಪಟ್ಟು. ಬಿಟ್ ರೇಟ್ ಅಷ್ಟೇ ಇದ್ದರೆ ಪ್ರತಿ ಪಿಕ್ಸೆಲ್ಲಿನ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಫ್ರೇಮ್ ರೇಟಿನದೂ ಇಂಥದೇ ಕತೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲಿನ ಎಂದಿನ 30 ಫ್ರೇಮು, 1/60 ಶಟರಿಗೆ ಈ ಲೆಕ್ಕ ಕೂಡುವುದಿಲ್ಲ, ಅಂಗಡಿಯ ಬೆಳಕು ಪರದೆಯಲ್ಲಿ ಪಟ್ಟಿಪಟ್ಟಿಯಾಗಿ ಹರಿಯುತ್ತದೆ. 25 ಫ್ರೇಮು, 1/50 ಶಟರ್ ಇಟ್ಟರೆ ಬೆಳಕು ನಿಲ್ಲುತ್ತದೆ. ನೋಡುವವರ ಕಣ್ಣು ಕೈಯ ಮೇಲಿರಬೇಕಾದ ಹೊತ್ತಿನಲ್ಲಿ ದೀಪದ ಮೇಲೆ ಹೋದರೆ ಆ ದೃಶ್ಯ ಸೋತಂತೆಯೇ.

ಇದೆಲ್ಲ ತಂತ್ರಜ್ಞರ ತಲೆನೋವು, ಕತೆ ಗಟ್ಟಿಯಿದ್ದರೆ ಸಾಕು ಎನ್ನುವವರಿದ್ದಾರೆ. ಕಾಶಿನಾಥ್ 1978ರಲ್ಲಿ ‘ಅಪರಿಚಿತ’ ಮಾಡಿದಾಗ, ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡುಗಳೇ ಇಲ್ಲದೆ ‘ತರ್ಕ’ ಕಟ್ಟಿದಾಗ ಕೋಡೆಕ್ ಎಲ್ಲಿತ್ತು ಎಂದು ಅವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಫಿಲಂ ಕೂಡ ಒಂದು ಫಾರ್ಮ್ಯಾಟೇ. ಎಷ್ಟು ಕತ್ತಲೆಯಲ್ಲಿ ಮುಖ ಮೂಡುತ್ತದೆ, ಎಷ್ಟರಲ್ಲಿ ಮುಳುಗುತ್ತದೆ ಎಂಬುದನ್ನು ಛಾಯಾಗ್ರಾಹಕರು ಮೊದಲೇ ಅಳೆದು ಬೆಳಕಿಡಬೇಕಿತ್ತು. ಆ ತೀರ್ಮಾನವನ್ನು ಈಗ ಮೊಬೈಲಿನ ಆಟೊ ಮೋಡ್ ಕಸಿದುಕೊಂಡಿದೆ. ‘ತರ್ಕ’ದಲ್ಲಿ ಹಾಡು ಬಿಟ್ಟದ್ದೂ ನನ್ನ ವಾದವನ್ನೇ ಬಲಪಡಿಸುತ್ತದೆ: ಬಿಗಿ ಹುಟ್ಟುವುದು ಏನನ್ನು ಬಿಡಬೇಕೆಂಬ ಆಯ್ಕೆಯಿಂದ.

ಥ್ರಿಲ್ಲರ್ ಎಂದರೆ ಕತ್ತಲೆ ಎಂಬ ನಂಬಿಕೆಯನ್ನಂತೂ ನಾನು ಒಪ್ಪಲಾರೆ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಭಯವನ್ನು ಹುಡುಕಿಕೊಂಡು ಹೋದದ್ದು ಬೆಂಗಳೂರಿನ ಮೇಲ್ಸೇತುವೆಗೆ. ಸವಾರರು ಅಡ್ಡಗಲ್ಲು ಸರಿಸಿ ಬಂಡಿ ತಿರುಗಿಸುವ ದಿನನಿತ್ಯದ ತಪ್ಪಿಗೆ. ನಾಯಕಿ ತರಬೇತಿಯಲ್ಲಿರುವ ಪತ್ರಕರ್ತೆ, ಅಂದರೆ ನಮ್ಮ ವಿದ್ಯಾರ್ಥಿಗಳದೇ ವಯಸ್ಸು. ಕತ್ತಲೆ ಬೇಕೇ ಬೇಕೆಂದರೆ ಅದಕ್ಕೂ ಬೆಲೆ ತೆರಬೇಕು. 8 ಬಿಟ್ ವಿಡಿಯೊದಲ್ಲಿ ಒಂದೊಂದು ಬಣ್ಣಕ್ಕೂ ಇರುವುದು 256 ಮೆಟ್ಟಿಲು; ಇಡೀ ದೃಶ್ಯವನ್ನು ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ತುರುಕಿದರೆ ಗೋಡೆಯ ನೆರಳು ಪದರಪದರವಾಗಿ ಒಡೆಯುತ್ತದೆ. ಕ್ಯಾಮೆರಾ ತಾನಾಗಿ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ ಏರಿಸಿದರೆ ಕಪ್ಪಿನ ತುಂಬ ಕಾಳುಕಾಳು, ಬಿಟ್ ರೇಟೆಲ್ಲ ಆ ಕಾಳಿಗೇ ಖರ್ಚು. ಬಜಾರಿನಲ್ಲಿ ಅಂಗಡಿಗಳು ಬಾಗಿಲು ಹಾಕುವ ಹೊತ್ತು ಕತ್ತಲೆಯ ದೃಶ್ಯಕ್ಕೆ ಒಳ್ಳೆಯದು. ತೆರೆದಿರುವ ಒಂದು ಅಂಗಡಿಯ ದೀಪಕ್ಕೆ ಮುಖವೊಡ್ಡಿ ನಟಿಯನ್ನು ನಿಲ್ಲಿಸಿ, ಆ ಮುಖಕ್ಕೆ ಎಕ್ಸ್‌ಪೋಷರ್ ಲಾಕ್ ಮಾಡಿ, ಅವಳ ಬೆನ್ನ ಹಿಂದಿನ ಗಲ್ಲಿಯನ್ನು ಅದರ ಪಾಡಿಗೆ ಕಪ್ಪಾಗಲು ಬಿಡಬೇಕು.