ಕ್ಯಾಂಪಸ್ ಇಮೇಲ್‌ಗೆ ಸ್ಪ್ಯಾಮ್ ಫಿಲ್ಟರ್: ಕೊಳ್ಳುವವರಿಗೆ ಹನ್ನೊಂದು ಸೂತ್ರ

ಕಾಲೇಜಿನ ಸಿಸ್ಟಮ್ ಅಡ್ಮಿನ್‌ಗೆ ಎರಡು ಬಗೆಯ ಫೋನ್ ಬರುತ್ತದೆ. ‘ಏನ್ರೀ ಇದು, ಇನ್‌ಬಾಕ್ಸ್ ತುಂಬಾ ಬರೀ ಕಸ’ ಎನ್ನುವುದು ಒಂದು. ‘ಎಐಸಿಟಿಇಯಿಂದ ಬರಬೇಕಿದ್ದ ಮೇಲ್ ಬಂದೇ ಇಲ್ಲ, ನಾಳೆ ಲಾಸ್ಟ್ ಡೇಟು’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಗೊಣಗಾಟ ಕೇಳಿಸಿಕೊಂಡರೆ ಮುಗಿಯಿತು, ಎರಡನೆಯದಕ್ಕೆ ಮೆಮೊ ಬರುತ್ತದೆ. ಫಿಲ್ಟರ್ ಮಾರಲು ಬರುವವರು ಮೊದಲನೆಯ ಫೋನನ್ನು ನಿಲ್ಲಿಸುವ ಮಾತಷ್ಟೇ ಆಡುತ್ತಾರೆ. ಕೊಳ್ಳುವವರು ಎರಡನೆಯದನ್ನು ತಲೆಯಲ್ಲಿಟ್ಟುಕೊಂಡು ಆರಿಸಬೇಕು.

1. ಫಿಲ್ಟರ್ ಪೆಟ್ಟಿಗೆ (ಗೇಟ್‌ವೇ) ಬೇಕೇ ಬೇಕೇ, ಮೊದಲು ಅದನ್ನು ನೋಡಿ.
ನಿಮ್ಮ ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲೋ ಮೈಕ್ರೋಸಾಫ್ಟ್ 365ರಲ್ಲೋ ಇದ್ದರೆ ಫಿಲ್ಟರ್ ಅದರೊಳಗೇ ಇದೆ. ಅದರ ಸೆಟ್ಟಿಂಗ್‌ಗಳನ್ನು ಪೂರ್ತಿ ಬಳಸದೆ ಇನ್ನೊಂದು ಪೆಟ್ಟಿಗೆಗೆ ಲಕ್ಷಗಟ್ಟಲೆ ಸುರಿಯುವುದರಲ್ಲಿ ಅರ್ಥವಿಲ್ಲ. ಕ್ಯಾಂಪಸ್ಸಿನಲ್ಲೇ ಜಿಂಬ್ರಾ ಅಥವಾ ಪೋಸ್ಟ್‌ಫಿಕ್ಸ್ ಸರ್ವರ್ ನಡೆಸುವವರಿಗೆ ಮಾತ್ರ ಗೇಟ್‌ವೇ ನಿಜವಾದ ಅಗತ್ಯ. ಕ್ಲೌಡ್ ಮೇಲ್‌ನ ಮುಂದೆಯೂ ಪೆಟ್ಟಿಗೆ ಇರಲೇಬೇಕು ಎಂದು ಆಡಳಿತ ಮಂಡಳಿ ಹಟ ಹಿಡಿದರೆ ಎರಡು ಕೆಲಸ ಮರೆಯಬೇಡಿ. ಆ ಪೆಟ್ಟಿಗೆಯ ಐಪಿಯನ್ನು ಇನ್‌ಬೌಂಡ್ ಗೇಟ್‌ವೇ ಎಂದು ಕ್ಲೌಡ್‌ಗೆ ತಿಳಿಸಿ. ಇಲ್ಲದಿದ್ದರೆ ಎಲ್ಲ ಮೇಲೂ ಪೆಟ್ಟಿಗೆಯಿಂದಲೇ ಹೊರಟಂತೆ ಕಂಡು ಎಸ್‌ಪಿಎಫ್ ಪರೀಕ್ಷೆ ಕೈಕೊಡುತ್ತದೆ. ಜೊತೆಗೆ ಕ್ಲೌಡ್‌ಗೆ ನೇರವಾಗಿ ಬರುವ ಹಿಂಬಾಗಿಲನ್ನೂ ಮುಚ್ಚಿ. ಸ್ಪ್ಯಾಮ್ ಕಳಿಸುವವರಿಗೆ ಆ ಬಾಗಿಲು ಚೆನ್ನಾಗಿ ಗೊತ್ತು.

2. ತಲೆ ಎಣಿಸಬೇಡಿ, ಮೇಲ್ ಎಣಿಸಿ.
ನಾಲ್ಕು ಸಾವಿರ ವಿದ್ಯಾರ್ಥಿಗಳಿದ್ದಾರೆಂದು ನಾಲ್ಕು ಸಾವಿರ ಬಳಕೆದಾರರ ಲೈಸೆನ್ಸ್ ಕೊಳ್ಳುವವರಿದ್ದಾರೆ. ಕಾಲೇಜು ಕೊಟ್ಟ ಐಡಿಯನ್ನು ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತೆರೆದು ನೋಡುತ್ತಾರೆ ಎಂಬುದನ್ನು ಸರ್ವರ್ ಲಾಗೇ ಹೇಳುತ್ತದೆ. ಸಾಧಾರಣ ವಾರವೊಂದನ್ನೂ ಪ್ರವೇಶಾತಿಯ ವಾರವೊಂದನ್ನೂ ತೆಗೆದು, ಅತಿ ದಟ್ಟಣೆಯ ಗಂಟೆಯಲ್ಲಿ ಎಷ್ಟು ಮೇಲ್ ಬಂದಿದೆ ಎಂದು ನೋಡಿ. ಯಂತ್ರದ ಅಳತೆ ಅದಕ್ಕೆ ಹೊಂದಬೇಕು. ಬ್ರೋಷರ್‌ನಲ್ಲಿ ಬರೆದ ವೇಗ ಎಷ್ಟು ದೊಡ್ಡ ಮೇಲ್ ಹಾಕಿ, ಯಾವ್ಯಾವ ತಪಾಸಣೆ ಚಾಲೂ ಇಟ್ಟು ಅಳೆದದ್ದು ಎಂದು ಕೇಳಿಬಿಡಿ.

3. ನಿಮ್ಮ ಕಸ ಯಾವ ಜಾತಿಯದು ಎಂದು ತಿಳಿದುಕೊಳ್ಳಿ.
ಲಾಟರಿ, ಮಾತ್ರೆ, ನೈಜೀರಿಯಾದ ರಾಜಕುಮಾರ ಇವನ್ನೆಲ್ಲ ಇವತ್ತು ಯಾವ ಫಿಲ್ಟರ್ ಆದರೂ ಹಿಡಿಯುತ್ತದೆ. ಕ್ಯಾಂಪಸ್ಸಿನ ಕಸವೇ ಬೇರೆ. ‘ಮಾನ್ಯ ಪ್ರಾಧ್ಯಾಪಕರೇ, ನಿಮ್ಮ ಘನ ಸಂಶೋಧನೆಯನ್ನು ನೋಡಿ ಬೆರಗಾದೆವು’ ಎಂದು ಶುರುವಾಗಿ, ಹತ್ತು ದಿನದಲ್ಲಿ ಪ್ರಬಂಧ ಪ್ರಕಟಿಸುತ್ತೇವೆ, ಶುಲ್ಕ ಇಷ್ಟು ಎಂದು ಮುಗಿಯುವ ನಕಲಿ ಜರ್ನಲ್ ಪತ್ರ ಅದರಲ್ಲಿ ಮೊದಲನೆಯದು. ಅದರಲ್ಲಿ ವೈರಸ್ ಇರುವುದಿಲ್ಲ, ಕೆಟ್ಟ ಲಿಂಕ್ ಇರುವುದಿಲ್ಲ, ಎಸ್‌ಪಿಎಫ್, ಡಿಕಿಮ್ ಎಲ್ಲ ಸರಿಯಾಗೇ ಇರುತ್ತದೆ. ಅಸಲಿ ಸಮ್ಮೇಳನದ ಆಹ್ವಾನವೂ ಹೆಚ್ಚೂಕಡಿಮೆ ಇದೇ ಮಾತಿನಲ್ಲಿ ಬರುವುದರಿಂದ ಯಂತ್ರ ತಬ್ಬಿಬ್ಬಾಗುತ್ತದೆ. ಅವನ್ನು ಅಳಿಸದೆ ‘ಬಲ್ಕ್’ ಎಂಬ ಬೇರೆ ಫೋಲ್ಡರಿಗೆ ತಳ್ಳುವ ಸೌಲಭ್ಯವಿರುವ ಯಂತ್ರವೇ ಬೇಕು.

ಇನ್ನೊಂದು, ಪ್ರಿನ್ಸಿಪಾಲರ ಹೆಸರಿನಲ್ಲಿ ಬರುವ ಎರಡು ಸಾಲಿನ ಮೇಲ್. ‘ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಬೇಕು.’ ಹೆಸರು ಪ್ರಿನ್ಸಿಪಾಲರದು, ವಿಳಾಸ ಯಾವುದೋ ಉಚಿತ ಖಾತೆಯದು. ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕರು ‘ಸಾರ್’ ಹೆಸರು ಕಂಡ ಕೂಡಲೇ ಎದ್ದು ನಿಲ್ಲುವುದು ಈ ಮೋಸದ ಬಂಡವಾಳ. ಪ್ರಿನ್ಸಿಪಾಲರು, ರಿಜಿಸ್ಟ್ರಾರ್, ಎಚ್‌ಒಡಿಗಳ ಹೆಸರಿನ ಪಟ್ಟಿ ಕೊಟ್ಟರೆ, ಆ ಹೆಸರಿನಲ್ಲಿ ಹೊರಗಿನ ವಿಳಾಸದಿಂದ ಬಂದ ಮೇಲನ್ನು ಯಂತ್ರ ತಡೆಯುತ್ತದೆಯೇ? ಡೆಮೊದಲ್ಲೇ ಮಾಡಿಸಿ ನೋಡಿ. ಮುಂಗಡ ಹಣ ಕೇಳುವ ಇಂಟರ್ನ್‌ಶಿಪ್ ಮೇಲ್ ಮೂರನೆಯದು. ಪ್ಲೇಸ್‌ಮೆಂಟ್ ಕಾಲದಲ್ಲಿ ಅದು ಇನ್ನಷ್ಟು ಅಪಾಯಕಾರಿ.

4. ಪ್ರಯೋಗ ನಿಮ್ಮ ಮೇಲ್ ಮೇಲೇ ನಡೆಯಲಿ.
ಶೇಕಡಾ 99.9 ಎಂಬ ಅಂಕಿಗೆ ಮರುಳಾಗಬೇಡಿ. ಒಂದು ತಿಂಗಳ ಟ್ರಯಲ್ ಕೇಳಿ, ಬರುವ ಮೇಲ್‌ನ ನಕಲನ್ನು ಆ ಯಂತ್ರಕ್ಕೂ ಹರಿಸಿ, ಅದು ಕೊಡುವ ತೀರ್ಪನ್ನು ಬರೀ ದಾಖಲಿಸಿಕೊಳ್ಳಿ. ಯಾವ ಮೇಲನ್ನೂ ತಡೆಯಲು ಬಿಡಬೇಡಿ. ಆಮೇಲೆ ಅದು ಸ್ಪ್ಯಾಮ್ ಎಂದದ್ದನ್ನೆಲ್ಲ ತೆರೆದು, ಅದರಲ್ಲಿ ಒಳ್ಳೆಯವು ಎಷ್ಟಿದ್ದವು ಎಂದು ಎಣಿಸಿ. ಎರಡು ಯಂತ್ರಗಳ ನಡುವೆ ತೀರ್ಮಾನವಾಗಬೇಕಾದದ್ದು ಈ ಎಣಿಕೆಯಿಂದ.

ಪರೀಕ್ಷೆಯಲ್ಲಿ ಕನ್ನಡದ ಮೇಲ್ ಇರಲೇಬೇಕು. ಯೂನಿಕೋಡ್ ಕನ್ನಡದಲ್ಲಿ ಬರೆದ ಸುತ್ತೋಲೆಯನ್ನೂ, ಕನ್ನಡ ವಿಭಾಗದಿಂದ ಇನ್ನೂ ಬರುವ ಹಳೆಯ ನುಡಿ, ಬರಹ ಫಾಂಟ್‌ಗಳ ಪಠ್ಯವನ್ನೂ ಹಾಕಿ. ಹಳೆಯ ನುಡಿ ಪಠ್ಯ ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ. ಪದಗಳ ಸಂಭಾವ್ಯತೆ ಲೆಕ್ಕ ಹಾಕುವ ಬೇಸಿಯನ್ ಫಿಲ್ಟರಿಗೆ ಅದು ಕಸದಂತೆ ಕಂಡರೆ ತಪ್ಪು ಅದರದಲ್ಲ, ಕಲಿಸದವರದು. ನಿಮ್ಮ ಮಾದರಿಗಳನ್ನು ಕೊಟ್ಟು ಕಲಿಸಲು ಬರುವ ಯಂತ್ರವೇ, ಕೇಳಿ. ಪರೀಕ್ಷಾ ವಿಭಾಗ ಕಳಿಸುವ ಪಾಸ್‌ವರ್ಡ್ ಹಾಕಿದ ಜಿಪ್ ಫೈಲನ್ನೂ ಸೇರಿಸಿ. ಅದರೊಳಗೆ ಏನಿದೆ ಎಂದು ಫಿಲ್ಟರಿಗೆ ಸಾಮಾನ್ಯವಾಗಿ ಕಾಣದು, ಅನೇಕ ಕಡೆ ಸಾರಾಸಗಟು ತಡೆದುಬಿಡುತ್ತದೆ.

5. ಬಾಗಿಲಲ್ಲೇ ಬೇಡ ಎನ್ನಬೇಕು.
ಕಾಲೇಜು ಬಿಟ್ಟುಹೋದವರ, ಇಲ್ಲದೇ ಇರುವವರ ವಿಳಾಸಕ್ಕೆ ಬರುವ ಮೇಲನ್ನು ಒಳಗೆ ಬಿಟ್ಟುಕೊಂಡು ಆಮೇಲೆ ‘ತಲುಪಲಿಲ್ಲ’ ಎಂದು ವಾಪಸ್ ಕಳಿಸುವ ವ್ಯವಸ್ಥೆ ಬೇಡ. ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸವೇ ಖೋಟಾ, ಆ ಉತ್ತರ ಸಂಬಂಧವಿಲ್ಲದ ಯಾರದೋ ತಲೆ ಮೇಲೆ ಬೀಳುತ್ತದೆ. ಯಂತ್ರ ನಿಮ್ಮ ಎಲ್‌ಡ್ಯಾಪ್ ಅಥವಾ ಆಕ್ಟಿವ್ ಡೈರೆಕ್ಟರಿ ನೋಡಿಕೊಂಡು, ಸಂಪರ್ಕ ಇನ್ನೂ ತೆರೆದಿರುವಾಗಲೇ ನಿರಾಕರಿಸಬೇಕು. ಹೀಗೆ ನಿರಾಕರಿಸಿದ ಮೇಲ್ ಅಸಲಿಯೇ ಆಗಿದ್ದರೆ ಕಳಿಸಿದವರಿಗೆ ಆಗಲೇ ತಿಳಿಯುತ್ತದೆ. ಸದ್ದಿಲ್ಲದೆ ನುಂಗಿಹಾಕುವುದಕ್ಕಿಂತ ಅದು ಎಷ್ಟೋ ಮೇಲು.

6. ಬ್ಲಾಕ್‌ಲಿಸ್ಟ್ ವಿಚಾರದಲ್ಲಿ ಡಿಎನ್‌ಎಸ್ ನೋಡಿ.
ಸ್ಪ್ಯಾಮ್‌ಹೌಸ್‌ನಂಥ ಪಟ್ಟಿಗಳು ಬಹಳಷ್ಟು ಕಸವನ್ನು ಓದದೆಯೇ ತಡೆಯುತ್ತವೆ. ಆದರೆ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ, 127.255.255.254 ಎಂಬ ದೋಷಸಂಕೇತ ಕಳಿಸುತ್ತದೆ. ಅದನ್ನೇ ‘ಪಟ್ಟಿಯಲ್ಲಿದೆ’ ಎಂದು ತಪ್ಪಾಗಿ ಓದಿಕೊಂಡ ಯಂತ್ರ ಊರಿನ ಮೇಲನ್ನೆಲ್ಲ ತಿರಸ್ಕರಿಸುತ್ತದೆ. ಕ್ಯಾಂಪಸ್ಸಿನದೇ ರಿಸಾಲ್ವರ್ ಇಟ್ಟುಕೊಳ್ಳಿ. ಪಟ್ಟಿಯ ಚಂದಾ ಯಂತ್ರದ ಬೆಲೆಯಲ್ಲೇ ಸೇರಿದೆಯೇ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

7. ಹೊರಹೋಗುವ ಮೇಲನ್ನೂ ಸೋಸಿ.
ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಹಾಸ್ಟೆಲ್ ಹುಡುಗನೊಬ್ಬ ಯಾವುದೋ ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಹಾಕುತ್ತಾನೆ. ರಾತ್ರೋರಾತ್ರಿ ಆ ಖಾತೆಯಿಂದ ಸಾವಿರಾರು ಮೇಲ್ ಹೊರಡುತ್ತವೆ, ಬೆಳಗಾಗುವಷ್ಟರಲ್ಲಿ ಕಾಲೇಜಿನ ಐಪಿಯೇ ಬ್ಲಾಕ್‌ಲಿಸ್ಟ್‌ನಲ್ಲಿ. ಅಂದು ಪ್ರವೇಶ ಪತ್ರ ಕಳಿಸುವ ದಿನವಾಗಿದ್ದರೆ ಕಥೆ ಮುಗಿದಂತೆ. ಒಂದು ಖಾತೆಯಿಂದ ಗಂಟೆಗೆ ಇಷ್ಟೇ ಎಂಬ ಮಿತಿ ಹಾಕಲು, ಮಿತಿ ದಾಟಿದರೆ ಅಡ್ಮಿನ್‌ಗೆ ಎಸ್‌ಎಂಎಸ್ ಕಳಿಸಲು ಯಂತ್ರಕ್ಕೆ ಬರಬೇಕು.

2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಕಳಿಸುವ ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇರಬೇಕು, ಸ್ಪ್ಯಾಮ್ ಎಂಬ ದೂರು ಶೇಕಡಾ 0.3ನ್ನು ಮುಟ್ಟಬಾರದು. ಪೋಷಕರಿಗೆ ಹಾಜರಾತಿ ವರದಿ, ಹಳೆಯ ವಿದ್ಯಾರ್ಥಿಗಳಿಗೆ ಆಹ್ವಾನ ಕಳಿಸುವ ದೊಡ್ಡ ಕ್ಯಾಂಪಸ್ ಐದು ಸಾವಿರದ ಗೆರೆ ದಾಟುವುದು ಕಷ್ಟವೇನಲ್ಲ. ಡಿಕಿಮ್ ಸಹಿಯನ್ನು ಗೇಟ್‌ವೇಯೇ ಹಾಕುವಂತಿರಲಿ.

8. ಕ್ವಾರಂಟೈನ್ ಕೀಲಿ ಯಾರ ಕೈಯಲ್ಲಿ?
ತಡೆದ ಮೇಲ್‌ಗಳ ಪಟ್ಟಿ ದಿನಕ್ಕೊಮ್ಮೆ ಆಯಾ ಬಳಕೆದಾರರಿಗೇ ಹೋಗಬೇಕು, ಒಂದು ಕ್ಲಿಕ್ಕಿಗೆ ಬಿಡಿಸಿಕೊಳ್ಳುವಂತಿರಬೇಕು. ಎಲ್ಲದಕ್ಕೂ ಅಡ್ಮಿನ್‌ಗೆ ಫೋನ್ ಮಾಡಬೇಕಾದರೆ ಅವರ ದಿನ ಅದರಲ್ಲೇ ಕಳೆಯುತ್ತದೆ. ಅಡ್ಮಿನ್ ಬೇರೆಯವರ ಮೇಲ್ ತೆರೆದರೆ ಆ ತೆರೆದದ್ದೂ ಲಾಗ್‌ನಲ್ಲಿ ದಾಖಲಾಗಬೇಕು. ಲೈಂಗಿಕ ಕಿರುಕುಳದ ದೂರು, ವೈದ್ಯಕೀಯ ರಜೆಯ ಪತ್ರ ಎಲ್ಲವೂ ಇದೇ ದಾರಿಯಲ್ಲಿ ಬರುತ್ತವೆ. ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು. ಡಿಸ್ಕ್ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕಕ್ಕೂ ಇದು ಬೇಕು.

9. ಐದು ವರ್ಷದ ಬೆಲೆ ಕೇಳಿ.
ಮೊದಲ ವರ್ಷ ಅಗ್ಗ, ನವೀಕರಣದ ವರ್ಷ ಕಣ್ಣುಕತ್ತಲೆ: ಈ ವ್ಯಾಪಾರದ ರೀತಿಯೇ ಅದು. ಚಂದಾ ಮುಗಿದ ಮರುದಿನ ಯಂತ್ರ ಏನು ಮಾಡುತ್ತದೆ ಎಂಬುದನ್ನೂ ಕೇಳಿ. ಹೊಸ ನಿಯಮಗಳು ಬರುವುದು ನಿಲ್ಲುತ್ತದೆಯೋ, ಮೇಲೇ ನಿಲ್ಲುತ್ತದೆಯೋ? ಟೆಂಡರ್‌ನ ತಾಂತ್ರಿಕ ವಿವರಗಳನ್ನು ವೆಂಡರ್ ಕೈಯಲ್ಲೇ ಬರೆಸಿದರೆ ಉಳಿದವರೆಲ್ಲ ಮೊದಲ ಸುತ್ತಿನಲ್ಲೇ ಔಟ್, ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ನೀವು.

ಉಚಿತ ತಂತ್ರಾಂಶವೂ ಇದೆ. ಪ್ರಾಕ್ಸ್‌ಮಾಕ್ಸ್ ಮೇಲ್ ಗೇಟ್‌ವೇ, ಆರ್‌ಸ್ಪ್ಯಾಮ್‌ಡಿ, ಹಳೆಯ ನಂಬಿಕಸ್ಥ ಸ್ಪ್ಯಾಮ್‌ಅಸಾಸಿನ್ ಎಲ್ಲವೂ ಗಟ್ಟಿ ಸರಕೇ. ಲಿನಕ್ಸ್ ಬಲ್ಲ ಒಬ್ಬರು ಖಾಯಂ ಹುದ್ದೆಯಲ್ಲಿದ್ದರೆ ನನ್ನ ಮತ ಇವಕ್ಕೇ. ಗುತ್ತಿಗೆ ಸಿಬ್ಬಂದಿ ವರ್ಷಕ್ಕೊಬ್ಬರಂತೆ ಬದಲಾಗುವ ಕಡೆ ಬೇಡ.

10. ಕಾವಲಿನ ಯಂತ್ರಕ್ಕೂ ಕಾವಲು ಬೇಕು.
2023ರಲ್ಲಿ ಬಾರಾಕುಡಾದ ಇಮೇಲ್ ಗೇಟ್‌ವೇಯಲ್ಲಿ ದೋಷವೊಂದು ಹೊರಬಿತ್ತು. ಲಗತ್ತುಗಳನ್ನು ತಪಾಸಣೆ ಮಾಡುವ ಭಾಗದಲ್ಲೇ ಇದ್ದ ದೋಷ ಅದು. 2022ರ ಅಕ್ಟೋಬರ್‌ನಿಂದಲೇ ದಾಳಿಕೋರರು ಅದನ್ನು ಬಳಸುತ್ತಿದ್ದರು. ಕೊನೆಗೆ ಪ್ಯಾಚ್ ಸಾಲದು, ದಾಳಿಗೊಳಗಾದ ಯಂತ್ರವನ್ನೇ ಬದಲಿಸಿ ಎಂದು ಕಂಪನಿಯೇ ಹೇಳಬೇಕಾಯಿತು. ಇಂಥ ಸಂದರ್ಭದಲ್ಲಿ ಬದಲಿ ಯಂತ್ರ ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಎಂಬುದು ಒಪ್ಪಂದದಲ್ಲಿರಲಿ. ಅಡ್ಮಿನ್ ಪುಟವನ್ನು ಇಂಟರ್‌ನೆಟ್‌ಗೆ ತೆರೆದಿಡಬೇಡಿ, ಯಂತ್ರವನ್ನು ಪ್ರತ್ಯೇಕ ವಿಎಲ್‌ಎಎನ್‌ನಲ್ಲಿಡಿ.

11. ಬದಲಿಸುವ ದಿನವನ್ನು ನೀವೇ ಆರಿಸಿ.
ಸೆಮಿಸ್ಟರ್ ನಡುವಿನ ರಜೆಯ ಶನಿವಾರ ಒಳ್ಳೆಯದು. ಪ್ರವೇಶಾತಿ, ನ್ಯಾಕ್ ಭೇಟಿಯ ವಾರ ಬೇಡವೇ ಬೇಡ. ಎರಡು ದಿನ ಮುಂಚೆ ಎಂಎಕ್ಸ್ ದಾಖಲೆಯ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಡಿ, ಎಡವಟ್ಟಾದರೆ ಐದೇ ನಿಮಿಷದಲ್ಲಿ ಹಳೆಯ ದಾರಿಗೆ ಮರಳಬಹುದು. ಕರೆಂಟ್ ಹೋಗಿ ಪೆಟ್ಟಿಗೆ ಒಂದೆರಡು ಗಂಟೆ ಮಲಗಿದರೂ ಗಾಬರಿ ಬೇಡ. ಕಳಿಸುವ ಸರ್ವರ್‌ಗಳು ನಾಲ್ಕೈದು ದಿನವಾದರೂ ಮತ್ತೆಮತ್ತೆ ಪ್ರಯತ್ನಿಸಬೇಕು ಎಂಬುದು ಎಸ್‌ಎಂಟಿಪಿಯ ರೂಢಿ. ಇರಲಿ ಎಂದು ಸೇರಿಸಿದ ಎರಡನೇ ಎಂಎಕ್ಸ್ ಮಾತ್ರ ಈ ಫಿಲ್ಟರನ್ನು ದಾಟಿಯೇ ಬರುವಂತೆ ಮಾಡಿ, ಆಗದಿದ್ದರೆ ಡಿಎನ್‌ಎಸ್‌ನಿಂದ ಅದನ್ನು ತೆಗೆದುಹಾಕಿ.