ಎಂಟು ಕವಡೆ, ಒಂದು ಹಳೆ ಕಂಪ್ಯೂಟರ್: ಎರಡರ ಘಾತಗಳ ಪಾಠ

ವಿಷಯ: ಗಣಿತ
ತರಗತಿ: 8
ಕಲಿಕಾಂಶ: ಎರಡರ ಘಾತಗಳು, ಘಾತಾಂಕ ನಿಯಮಗಳ ಬಳಕೆ
ಅವಧಿ: ತಲಾ 40 ನಿಮಿಷದ 2 ಅವಧಿಗಳು
ಬೋಧನೋಪಕರಣಗಳು: ಕವಡೆ ಅಥವಾ ಒಂದು ಮುಖ ತೇಯ್ದ ಹುಣಸೆ ಬೀಜ, ಚೌಕುಳಿ ಹಾಳೆ, ಹಳೆಯ ಕಂಪ್ಯೂಟರ್

2⁸ = 256 ಎಂದು ಬರೆಯುವುದು ಎಂಟನೇ ತರಗತಿಯ ಮಕ್ಕಳಿಗೆ ಕಷ್ಟವಲ್ಲ. ಆ 256 ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಹಳೆಯ ಟಿವಿ ವಿಡಿಯೋ ಗೇಮನ್ನು ಮನೆಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸುವಾಗ ಈ ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ. ಬೋಧನಾಭ್ಯಾಸದ ಅವಧಿಯಲ್ಲಿ ಇದನ್ನೇ ಆಧಾರವಾಗಿಟ್ಟು ಒಂದು ಪಾಠ ಯೋಜಿಸಿದೆ. ಕೊಳ್ಳೇಗಾಲದ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಹನೂರಿನ ಇನ್ನೊಂದು ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದೆ ಇದೇ ಪಾಠ ಮಾಡಿದೆ. ಎರಡೂ ಕಡೆ ಕಂಡದ್ದನ್ನು ಇಲ್ಲಿ ದಾಖಲಿಸಿದ್ದೇನೆ.

ಪೂರ್ವಸಿದ್ಧತೆ

ಯಳಂದೂರಿನ ನಮ್ಮ ಮನೆಯಲ್ಲಿ 2 ಗಿಗಾಬೈಟ್ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಇದೆ. ಈ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಬೇಕಾದದ್ದು ಎರಡು: ಎಮ್ಯುಲೇಟರ್ ಮತ್ತು ಆಟದ ಫೈಲು. ಎಮ್ಯುಲೇಟರ್ ಎಂದರೆ ಒಂದು ಯಂತ್ರ ಮಾಡುವ ಕೆಲಸವನ್ನು ಇನ್ನೊಂದು ಯಂತ್ರದಲ್ಲಿ ಅನುಕರಿಸುವ ತಂತ್ರಾಂಶ. ನಾನು ಆರಿಸಿಕೊಂಡ ಯಂತ್ರ, ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್. ನಮ್ಮ ಕಡೆ ಟಿವಿಗೆ ಸಿಕ್ಕಿಸಿ, ಮೇಲೆ ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮ್‌ಗಳಲ್ಲಿ ಅನೇಕವು ಇದರ ನಕಲುಗಳೇ.

ಹಂತಗಳು ಹೀಗಿವೆ:

1. ಎಫ್‌ಸಿಇಯುಎಕ್ಸ್ ಎಂಬ ಮುಕ್ತ ಎಮ್ಯುಲೇಟರನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿ ಬಿಡಿಸಿಡುವುದು.
2. ಮುಕ್ತ ಪರವಾನಗಿಯ ಆಟವೊಂದನ್ನು ಅದೇ ಫೋಲ್ಡರಿಗೆ ಹಾಕುವುದು. ನಾನು ಬಳಸಿದ್ದು ‘ಕಾನ್ಸಂಟ್ರೇಶನ್ ರೂಮ್’, ಅಂದರೆ ಮಗುಚಿಟ್ಟ ಕಾರ್ಡುಗಳಲ್ಲಿ ಜೋಡಿ ಹುಡುಕುವ ನೆನಪಿನ ಆಟ.
3. ಫೈಲ್ ಮೆನುವಿನಿಂದ ಆಟವನ್ನು ತೆರೆಯುವುದು.
4. ಕಾನ್ಫಿಗ್ ಮೆನುವಿನಲ್ಲಿ ಯಾವ ಕೀಲಿ ಯಾವ ಗುಂಡಿಯ ಕೆಲಸ ಮಾಡಬೇಕೆಂದು ಹೊಂದಿಸುವುದು.
5. ಡೀಬಗ್ ಮೆನುವಿನಲ್ಲಿರುವ ಪಿಪಿಯು ವ್ಯೂವರ್ ತೆರೆದು, ಆಟದ ಚಿತ್ರಗಳು ಚಿಕ್ಕ ಚಿಕ್ಕ ಬಿಲ್ಲೆಗಳಾಗಿ ಹೇಗೆ ಕೂತಿವೆ ಎಂದು ನೋಡಿಕೊಳ್ಳುವುದು. ಪಾಠಕ್ಕೆ ಮುಖ್ಯವಾದದ್ದು ಈ ಹಂತ.

ಇಡೀ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ದರೆ ಶಾಲೆಯಲ್ಲಿ ಇಂಟರ್‌ನೆಟ್ ಬೇಕಿಲ್ಲ.

ಮೊದಲ ಅವಧಿ: ಕವಡೆಯಿಂದ 256ಕ್ಕೆ

ಚೌಕಾಬಾರ ಎರಡೂ ಊರಿನ ಮಕ್ಕಳಿಗೆ ಗೊತ್ತಿತ್ತು. ನಾಲ್ಕು ಕವಡೆ ಎಸೆದು, “ಎಷ್ಟು ಬಗೆಯಾಗಿ ಬೀಳಬಹುದು?” ಎಂದು ಕೇಳಿದೆ. “ಐದೇ ಮಿಸ್. ಒಂದು, ಎರಡು, ಮೂರು, ಚೌಕ, ಬಾರ” ಎಂಬ ಉತ್ತರ ಕೂಡಲೇ ಬಂತು. ಆಟದ ಲೆಕ್ಕಕ್ಕೆ ಅದು ಸರಿ. ಆಮೇಲೆ ನಾಲ್ಕು ಕವಡೆಗೂ ಬೇರೆ ಬೇರೆ ಬಣ್ಣದ ಚುಕ್ಕೆ ಇಟ್ಟು, ಯಾವ ಕವಡೆ ಬಾಯಿ ಮೇಲಾಗಿದೆ ಎಂಬುದನ್ನೂ ಬರೆಯಲು ಹೇಳಿದೆ. ಒಂದೇ ಕವಡೆ ಮೇಲಾಗಲು 4 ದಾರಿ, ಎರಡು ಮೇಲಾಗಲು 6, ಮೂರು ಮೇಲಾಗಲು 4. ಚೌಕಕ್ಕೂ ಬಾರಕ್ಕೂ ಒಂದೊಂದು. ಒಟ್ಟು 16, ಅಂದರೆ 2⁴. ಬಾರ ಯಾಕೆ ಅಪರೂಪಕ್ಕೆ ಬೀಳುತ್ತದೆ, ಎರಡು ಯಾಕೆ ಪದೇ ಪದೇ ಬೀಳುತ್ತದೆ ಎಂಬುದಕ್ಕೂ ಮಕ್ಕಳೇ ಕಾರಣ ಹೇಳಿದರು.

ಒಂದೊಂದು ಕವಡೆ ಸೇರಿದಂತೆ ಬಗೆಗಳು ಇಮ್ಮಡಿಯಾಗುತ್ತವೆ: 32, 64, 128, 256. ಎಂಟು ಕವಡೆಗಳನ್ನು ಸಾಲಾಗಿಟ್ಟು 128, 64, 32, 16, 8, 4, 2, 1 ಎಂಬ ಬೆಲೆ ಕೊಟ್ಟೆವು. ಬಾಯಿ ಮೇಲಾದರೆ ಬೆಲೆ ಸೇರುತ್ತದೆ, ಮಗುಚಿದರೆ ಇಲ್ಲ. ಎಂಟೂ ಮೇಲಾದರೆ 255. “256 ಬಗೆ ಅಂದ್ರಲ್ಲ, 256 ಎಲ್ಲಿ ಮಿಸ್?” ಎಂದು ಹನೂರಿನ ಒಬ್ಬ ಹುಡುಗ ಕೇಳಿದ. ಸೊನ್ನೆಯೂ ಒಂದು ಬಗೆ ಎಂದು ಅವನ ಪಕ್ಕದವಳು ಉತ್ತರಿಸಿದಳು. ಕವಡೆಯ ಜಾಗದಲ್ಲಿ ಬಿಟ್, ಎಂಟರ ಸಾಲಿಗೆ ಬೈಟ್ ಎಂಬ ಹೆಸರುಗಳನ್ನು ಇದಾದ ಮೇಲಷ್ಟೇ ಹೇಳಿದೆ.

ಎರಡನೇ ಅವಧಿ: ಪರದೆಯ ಮೇಲೆ

ಈ ಯಂತ್ರದ ಪರದೆಯ ಅಗಲ 256 ಚುಕ್ಕೆ. ಓಡಾಡುವ ಬೊಂಬೆ ಎಡದಿಂದ ಎಷ್ಟು ದೂರದಲ್ಲಿದೆ ಎಂದು ಹೇಳಲು ಒಂದೇ ಬೈಟ್ ಸಾಕು. ಪಿಪಿಯು ವ್ಯೂವರಿನಲ್ಲಿ ಕಾಣುವ ಒಂದೊಂದು ಬಿಲ್ಲೆಯೂ 8 × 8 ಚುಕ್ಕೆಗಳದು. ಪ್ರತಿ ಚುಕ್ಕೆಗೆ 2 ಬಿಟ್. ಹಾಗಾಗಿ ಒಂದು ಬಿಲ್ಲೆಗೆ 128 ಬಿಟ್, ಅಂದರೆ 16 ಬೈಟ್. ಒಂದು ಕೋಷ್ಟಕದಲ್ಲಿ 256 ಬಿಲ್ಲೆಗಳು. ಮಕ್ಕಳು ಬರೆದದ್ದು: 2⁸ × 2⁴ = 2¹² = 4096 ಬೈಟ್. ಘಾತಾಂಕಗಳನ್ನು ಕೂಡುವ ನಿಯಮ ಇಲ್ಲಿ ತಾನಾಗಿ ಬಂತು.

ಕಳೆಯುವ ನಿಯಮಕ್ಕೆ ಯಂತ್ರಗಳ ಹೋಲಿಕೆ ಒದಗಿತು. ಫ್ಯಾಮಿಕಾಮ್‌ನ ಕೆಲಸದ ಮೆಮೊರಿ 2 ಕಿಲೋಬೈಟ್, ಅಂದರೆ 2¹¹ ಬೈಟ್. ನಮ್ಮ ಹಳೆಯ ಡೆಸ್ಕ್‌ಟಾಪಿನದು 2³¹ ಬೈಟ್. 2³¹ ÷ 2¹¹ = 2²⁰ = 10,48,576. ಗುಜರಿಗೆ ಹಾಕಬೇಕೆನ್ನುವ ಕಂಪ್ಯೂಟರೊಂದು ಆ ಯಂತ್ರಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಮೆಮೊರಿ ಹೊಂದಿದೆ ಎಂದು ಲೆಕ್ಕದಿಂದಲೇ ತಿಳಿದಾಗ ತರಗತಿಯಲ್ಲಿ ಸದ್ದಾಯಿತು.

ಬಳಿಕ ಚೌಕುಳಿ ಹಾಳೆಯಲ್ಲಿ 8 × 8 ಚಿತ್ರ ಬಿಡಿಸಿ, ತುಂಬಿದ ಮನೆಗೆ 1, ಖಾಲಿ ಮನೆಗೆ 0 ಬರೆಯುವ ಚಟುವಟಿಕೆ. ಕೊಳ್ಳೇಗಾಲದಲ್ಲಿ ನೇಯ್ಗೆ ಮನೆತನದ ಹುಡುಗಿಯೊಬ್ಬಳು, “ಮಗ್ಗದ ಮೇಲಿರೋ ತೂತಿನ ರಟ್ಟೂ ಹಿಂಗೇ ಅಲ್ವಾ ಮಿಸ್?” ಎಂದಳು. ಹೌದು. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಆ ಮಗ್ಗದಲ್ಲಿ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ರೇಷ್ಮೆ ಸೀರೆಯ ಅಂಚಿನ ಹೂವೂ ಆಟದ ಬೊಂಬೆಯೂ ಒಂದೇ ಬಗೆಯ ಬರವಣಿಗೆ ಎಂಬ ಮಾತನ್ನು ಅವಳೇ ತರಗತಿಗೆ ವಿವರಿಸಿದಳು.

ಪಾಠದ ನಡುವೆ ಬಂದ ಒಂದು ಪ್ರಶ್ನೆ

“ನಮ್ಮಣ್ಣ ನೆಟ್ಟಲ್ಲಿ ಎಲ್ಲಾ ಗೇಮೂ ಫ್ರೀಯಾಗಿ ಇಳಿಸ್ಕಂಡವ್ನೆ. ನೀವ್ಯಾಕೆ ಈ ಗೇಮ್ ತಂದ್ರಿ?” ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಆಟ ಹಳೆಯದಾದ ಮಾತ್ರಕ್ಕೆ ಅದರ ಹಕ್ಕು ಮುಗಿಯುವುದಿಲ್ಲ. ಬರೆದವರೇ “ಹಂಚಿಕೊಳ್ಳಿ” ಎಂದು ಬಿಟ್ಟುಕೊಟ್ಟ ಆಟಗಳಿವೆ. ನಾವು ಬಳಸಿದ್ದು ಅಂಥದ್ದು. ಇಷ್ಟನ್ನು ಸರಳವಾಗಿ ಹೇಳಿದೆ. ಅಧ್ಯಾಪಕರು ಶಾಲೆಯ ಕಂಪ್ಯೂಟರಿಗೆ ಏನನ್ನು ಹಾಕುತ್ತಾರೋ ಅದೂ ಮಕ್ಕಳಿಗೆ ಪಾಠವೇ.

ಹನೂರಿನಲ್ಲಿ

ಅಲ್ಲಿ ಹುಣಸೆ ಬೀಜ ಮತ್ತು ಚೌಕುಳಿ ಹಾಳೆಯಿಂದಲೇ ಎರಡೂ ಅವಧಿ ನಡೆದವು. ಒಂದು ತಂಡ 0 ಮತ್ತು 1ರ ಎಂಟು ಸಾಲುಗಳನ್ನು ಓದಿ ಹೇಳುವುದು, ಇನ್ನೊಂದು ತಂಡ ಕೇಳಿಸಿಕೊಂಡು ಚಿತ್ರ ಬಿಡಿಸುವುದು. ಕೇಳಿಸಿಕೊಳ್ಳುವ ತಂಡವೇ ಅಲ್ಲಿ ಕಂಪ್ಯೂಟರ್. ಘಾತಾಂಕದ ಲೆಕ್ಕಗಳಲ್ಲಿ ಈ ಮಕ್ಕಳು ಕೊಳ್ಳೇಗಾಲದವರಿಗಿಂತ ಹಿಂದೆ ಬೀಳಲಿಲ್ಲ. ಕೊಳ್ಳೇಗಾಲದಲ್ಲಿ ಕೀಲಿಮಣೆಯ ಸುತ್ತ ಹುಡುಗರು ಮುತ್ತಿಕೊಂಡಾಗ ಸರದಿ ಪಟ್ಟಿ ಬೇಕಾಯಿತು. ಹನೂರಿನಲ್ಲಿ ಎಲ್ಲರ ಕೈಯಲ್ಲೂ ಕೆಲಸವಿತ್ತು. ಆದರೆ ತಾವು ಬರೆದ ಸಂಖ್ಯೆಗಳು ನಿಜಕ್ಕೂ ಒಂದು ಯಂತ್ರವನ್ನು ನಡೆಸುತ್ತವೆ ಎಂಬುದನ್ನು ಅವರು ನನ್ನ ಮಾತಿನ ಮೇಲೆ ನಂಬಬೇಕಾಯಿತು. ಕೊಳ್ಳೇಗಾಲದವರು ಕಣ್ಣಾರೆ ಕಂಡರು. ಈ ವ್ಯತ್ಯಾಸ ಚಿಕ್ಕದಲ್ಲ. ಕೆಟ್ಟಿದೆ ಎಂದು ಮೂಲೆಗಿಟ್ಟ ಕಂಪ್ಯೂಟರನ್ನು ಒಮ್ಮೆ ಚಾಲೂ ಮಾಡಿ ನೋಡಲು ಇಷ್ಟು ಕಾರಣ ಸಾಕು.

ಮೌಲ್ಯಮಾಪನದ ಪ್ರಶ್ನೆಗಳು

1. ಐದು ಕವಡೆಗಳಿಂದ ಹೇಳಬಹುದಾದ ಅತಿ ದೊಡ್ಡ ಸಂಖ್ಯೆ ಯಾವುದು?
2. ಒಂದು ಚುಕ್ಕೆಗೆ 3 ಬಿಟ್ ಕೊಟ್ಟರೆ ಎಷ್ಟು ಬಣ್ಣ ಸಾಧ್ಯ? 8 × 8 ಬಿಲ್ಲೆಗೆ ಎಷ್ಟು ಬೈಟ್ ಬೇಕು?
3. 1980ರ ಪ್ಯಾಕ್-ಮ್ಯಾನ್ ಆಟದ 256ನೇ ಹಂತದಲ್ಲಿ ಪರದೆಯ ಬಲ ಅರ್ಧ ಕಲಸಿಹೋಗುತ್ತದೆ. ಎಂಟು ಕವಡೆಯ ಸಾಲು 255 ಆಗಿರುವಾಗ ಒಂದು ಕೂಡಿದರೆ ಏನಾಗುತ್ತದೆ ಎಂದು ಯೋಚಿಸಿ ಕಾರಣ ಊಹಿಸಿ.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಆಟ ಆಡಲು ಕೊನೆಯ ಹತ್ತು ನಿಮಿಷ ಮಾತ್ರ ಇಡಿ. ಎಮ್ಯುಲೇಟರ್ ತೆರೆಯುವುದು, ಕೀಲಿ ಹೊಂದಿಸುವುದು, ಬಿಲ್ಲೆ ಎಣಿಸುವುದು ಇವನ್ನೆಲ್ಲ ಮಕ್ಕಳ ಕೈಯಿಂದಲೇ ಮಾಡಿಸಿ. ಕಲಿಕೆ ನಡೆಯುವುದು ಆ ಕೆಲಸದಲ್ಲಿ.