ಒಕ್ಕಲುಮಕ್ಕಳ ಕಾಲಿನ ಆರೈಕೆ

ಎತ್ತಿನ ಗೊರಸು ಸವೆದರೆ ಲಾಳ ಹೊಡೆಸುತ್ತೇವೆ. ನೇಗಿಲ ಗುಳ ಮೊಂಡಾದರೆ ಕುಲುಮೆಗೆ ಒಯ್ಯುತ್ತೇವೆ. ದಿನವಿಡೀ ಹೊಲ ತುಳಿಯುವ ನಮ್ಮ ಅಂಗಾಲಿನ ಕಡೆಗೆ ಮಾತ್ರ ನಮಗೆ ಲಕ್ಷ್ಯವಿಲ್ಲ. ಬೆಳಿಗ್ಗೆ ಎದ್ದರೆ ಮುಖಕ್ಕೆ ಸಾಬೂನು ಉಂಟು, ತಲೆಗೆ ಎಣ್ಣೆ ಉಂಟು, ಹೆಣ್ಣುಮಕ್ಕಳಿಗೆ ಅರಿಸಿನವೂ ಪೌಡರೂ ಉಂಟು. ಕಾಲಿಗೆ ಹೊಸ್ತಿಲ ಹೊರಗೆ ಒಂದು ಚೊಂಬು ನೀರು ಸುರಿದರೆ ಮುಗಿಯಿತು. ಚರ್ಮದ ಆರೈಕೆಯೆಂದರೆ ಮುಖದ ಆರೈಕೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದಕಾರಣ ಈ ವಾರ ಅಂಗಾಲಿನ ವಿಚಾರವನ್ನು ನೋಡೋಣ.

ದೇಹದಲ್ಲೆಲ್ಲ ಅತ್ಯಂತ ದಪ್ಪವಾದ ಚರ್ಮ ಅಂಗಾಲಿನದು. ಮುಖದ ಚರ್ಮದಲ್ಲಿ ಎಣ್ಣೆ ಒಸರುವ ಗ್ರಂಥಿಗಳು ತುಂಬಿವೆ. ಅಂಗಾಲಿನಲ್ಲಿ ಅಂಥವು ಒಂದೂ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಆದ್ದರಿಂದ ಮುಖಕ್ಕೆ ತಾನಾಗಿ ಸಿಗುವ ಜಿಡ್ಡು ಅಂಗಾಲಿಗೆ ಸಿಗುವುದಿಲ್ಲ. ಅದನ್ನು ನಾವೇ ಕೊಡಬೇಕು. ಡಿಸೆಂಬರಿನಿಂದ ಶಿವರಾತ್ರಿಯವರೆಗೆ ಬೀಸುವ ಒಣಗಾಳಿಗೆ, ಕೆರೆಯಂಗಳ ಬಿರಿದಂತೆ, ಹಿಮ್ಮಡಿ ಬಿರಿಯುವುದು ಇದರಿಂದಲೇ. ಮೈಭಾರವೆಲ್ಲ ಹಿಮ್ಮಡಿಯ ಮೇಲೆ ಬಿದ್ದು ಒಣಚರ್ಮ ಪಕ್ಕಕ್ಕೆ ಹರಡುತ್ತದೆ, ಹರಡಲಾರದೆ ಸೀಳುತ್ತದೆ. ನಮ್ಮ ತಮಿಳು ನೆರೆಯವರು ಇದನ್ನು 'ಪಿತ್ತವೆಡಿಪ್ಪು' ಎನ್ನುತ್ತಾರೆ. ಪಿತ್ತ ಕೆರಳಿ ಕಾಲು ಒಡೆಯಿತೆಂದು ನಂಬಿ ಪಥ್ಯ ಹಿಡಿಯುವವರು ನಮ್ಮಲ್ಲಿಯೂ ಇದ್ದಾರೆ. ಪಥ್ಯದಿಂದ ಬಿರುಕು ಕೂಡುವುದಿಲ್ಲ, ಜಿಡ್ಡಿನಿಂದ ಕೂಡುತ್ತದೆ.

ಉಪಚಾರ ಸುಲಭ. ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲಿಟ್ಟು, ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರಸಿ, ಇನ್ನೂ ತುಸು ತೇವವಿರುವಾಗಲೇ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಹಳೆಯ ಹತ್ತಿಬಟ್ಟೆ ಸುತ್ತಿ ಮಲಗತಕ್ಕದ್ದು. ಬಿರುಕು ಆಳವಾಗಿದ್ದರೆ ಅಂಗಡಿಯಲ್ಲಿ ಯೂರಿಯಾ ಸೇರಿದ ಮುಲಾಮು ಸಿಗುತ್ತದೆ. ಗಡುಸು ಚರ್ಮವನ್ನು ಮೆತ್ತಗೆ ಮಾಡುವ ಗುಣ ಅದಕ್ಕುಂಟು. ಹಾಗೆಂದು ಗೊಬ್ಬರದ ಮೂಟೆಯಿಂದ ಯೂರಿಯಾ ತೆಗೆದು ತಿಕ್ಕಿಕೊಳ್ಳಕೂಡದು! ಬಿರುಕಿಗೆ ಸುಣ್ಣ, ಸೀಮೆಎಣ್ಣೆ ತುಂಬುವ ಪದ್ಧತಿಯನ್ನೂ ಬಿಡತಕ್ಕದ್ದು.

ಹಿಂಗಾರು ಹಿಡಿದ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕಷ್ಟ ಇದಕ್ಕೆ ಪ್ರತಿಯಾದದ್ದು. ಗದ್ದೆಯ ಕೆಸರಿನಲ್ಲಿ ನಿಂತು ಬೆರಳಿನ ಸಂದು ಬೆಳ್ಳಗೆ ನೆನೆದು, ತುರಿಸಿ, ಹುಣ್ಣಾಗುತ್ತದೆ. ತಮಿಳಿನಲ್ಲಿ ಇದಕ್ಕೆ 'ಸೇತ್ತುಪ್ಪುಣ್ಣು', ಅಂದರೆ ಕೆಸರಿನ ಹುಣ್ಣು, ಎಂದು ಹೆಸರು. ಇದು ಒಂದು ಬಗೆಯ ಬೂಷ್ಟಿನಿಂದ ಆಗುತ್ತದೆ, ಬೂಷ್ಟಿಗೆ ತೇವ ಬೇಕು. ಹಿಮ್ಮಡಿಗೆ ಹಚ್ಚುವ ಎಣ್ಣೆಯನ್ನು ಸಂದಿಗೆ ಹಚ್ಚಬೇಡಿ. ಸಂದನ್ನು ಒಣಬಟ್ಟೆಯಿಂದ ಒರಸಿ ಒಣಗಿಸಿರಿ. ಆಸ್ಪತ್ರೆಯಲ್ಲಿ ಕೊಡುವ ಬೂಷ್ಟಿನ ಮುಲಾಮನ್ನು, ತುರಿಕೆ ನಿಂತ ಮೇಲೂ ಎರಡು ವಾರ ಹಚ್ಚಬೇಕು. ಸ್ಟೆರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯವನ ಮಾತು ಕೇಳಿ ಕೊಳ್ಳಬೇಡಿ. ತುರಿಕೆ ಎರಡು ದಿನ ಅಡಗಿದಂತೆ ಕಂಡು, ಒಳಗಿಂದೊಳಗೆ ಬೂಷ್ಟು ಹರಡುತ್ತದೆ.

ಇನ್ನು ಮುಳ್ಳು. ಜಾಲಿಯ ಮುಳ್ಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಮಣ್ಣು ಒತ್ತಿ ಮುಂದೆ ನಡೆಯುವುದು ನಮ್ಮ ವಾಡಿಕೆ. ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಮುಳ್ಳಿನ ಗಾಯದಿಂದ ಒಳಸೇರಿ, ನೋವೇ ಇಲ್ಲದ ಗಂಟಾಗಿ, ವರ್ಷಗಟ್ಟಲೆ ಬೆಳೆದು, ರಂಧ್ರಗಳಿಂದ ಕರಿಯ ಇಲ್ಲವೆ ಬಿಳಿಯ ಕಾಳುಗಳನ್ನು ಕಾರುವ ರೋಗವೊಂದಿದೆ. ಗಿಲ್ ಎಂಬ ವೈದ್ಯರು 1842ರಲ್ಲಿ ಮಧುರೆಯಲ್ಲಿ ಕಂಡು ವರದಿ ಮಾಡಿದ್ದರಿಂದ ಲೋಕವೆಲ್ಲ ಅದನ್ನು 'ಮಧುರಾ ಕಾಲು' ಎಂದು ಕರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಗಂಟು ಚಿಕ್ಕದಿರುವಾಗ ತೋರಿಸಿದರೆ ಕಾಲು ಉಳಿಯುತ್ತದೆ. ಮುಳ್ಳು ಆಳಕ್ಕೆ ಹೊಕ್ಕರೆ ಸಾಬೂನಿನಿಂದ ತೊಳೆದು ಧನುರ್ವಾಯುವಿನ ಸೂಜಿಮದ್ದು ಹಾಕಿಸಿರಿ. ಬರಿಗಾಲಿನವರಿಗೆ ಕೊಕ್ಕೆಹುಳುವಿನ ಭಯವೂ ಉಂಟು. ಬಯಲುಕಡೆಗೆ ಹೋಗುವ ಜಾಗದ ಮಣ್ಣಿನಿಂದ ಅದು ಪಾದದ ಚರ್ಮವನ್ನೇ ತೂರಿ ಕರುಳಿಗೆ ಸೇರಿ ರಕ್ತ ಹೀರುತ್ತದೆ. ಬಿಳಿಚಿಕೊಂಡ ಮಕ್ಕಳಿಗೆ ಹುಳುವಿನ ಮಾತ್ರೆಯ ಜೊತೆಗೆ ಒಂದು ಜೊತೆ ಚಪ್ಪಲಿಯೂ ಔಷಧವೇ.

ಇವೆಲ್ಲಕ್ಕಿಂತ ದೊಡ್ಡ ಮಾತೊಂದಿದೆ. ಹಿಂದೆ ನಮ್ಮ ಸೇಲಂ ಜಿಲ್ಲೆಗೇ ಸೇರಿದ್ದು 1997ರಲ್ಲಿ ನಾಮಕ್ಕಲ್ಲಿಗೆ ಹೋದ ಕೊಲ್ಲಿಮಲೆಯಲ್ಲಿ, 1914ರಲ್ಲಿ, ಪಾದ್ರಿಯ ಮನೆಯಲ್ಲಿ ಪಾಲ್ ಬ್ರ್ಯಾಂಡ್ ಎಂಬವರು ಹುಟ್ಟಿದರು. ವೈದ್ಯರಾಗಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಳ ಕಾಲ ಪರೀಕ್ಷಿಸಿದರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಬೀಳುತ್ತದೆಂದು ಆಗ ಎಲ್ಲರೂ ತಿಳಿದಿದ್ದರು. ಹಾಗಲ್ಲ, ರೋಗ ನರವನ್ನು ಕೊಂದು ನೋವು ತಿಳಿಯದಂತೆ ಮಾಡುತ್ತದೆ. ನೋವಿಲ್ಲದವನು ಗಾಯದ ಮೇಲೆಯೇ ನಡೆದು ನಡೆದು ಕಾಲನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ಅವರು ತೋರಿಸಿಕೊಟ್ಟರು. ಅಂಥ ಕಾಲುಗಳಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದವರಲ್ಲಿ ಅವರೂ ಒಬ್ಬರು. ಮುಂದೆ ಅಮೆರಿಕದಲ್ಲಿದ್ದಾಗ ಇದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯ ಕಾಲುಗಳಿಗೂ ಅನ್ವಯಿಸಿದರು.

ಸಕ್ಕರೆ ಕಾಯಿಲೆ ಪೇಟೆಯವರದೆಂಬ ಕಾಲ ಹೋಯಿತು. ರಾಗಿಯುಂಡ ಮನೆಗಳಲ್ಲಿಯೂ ಈಗ ಅದು ಇದೆ. ಕಾಯಿಲೆ ಹಳೆಯದಾದಂತೆ ಪಾದದ ನರ ಮರಗಟ್ಟುತ್ತದೆ. ಮೊಳೆ ಚುಚ್ಚಿದ್ದೂ, ಚಪ್ಪಲಿಯ ಉಂಗುಟ ಉಜ್ಜಿದ್ದೂ ತಿಳಿಯದು. "ನೋವಿಲ್ಲವಲ್ಲ" ಎಂದು ಸುಮ್ಮನಿರುವುದೇ ಕಾಲು ಕತ್ತರಿಸುವ ದಾರಿ. ಇಂಥವರು ಕಾಲನ್ನು ನೆನೆಹಾಕಬಾರದು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿಕೊಳ್ಳಬೇಕು, ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಹರಕೆಯಿದ್ದರೂ ಕೊಂಡ ಹಾಯಬಾರದು. ದೇವರು ಬೇರೆ ಸೇವೆಯನ್ನು ಒಪ್ಪಿಕೊಳ್ಳುತ್ತಾನೆಂದು ನಮ್ಮ ನಂಬಿಕೆ.

ಸ್ಪರ್ಶವಿದೆಯೇ ಇಲ್ಲವೇ ಎಂದು ಮನೆಯಲ್ಲೇ ನೋಡಬಹುದು. ತಾತ ಕಣ್ಣು ಮುಚ್ಚಿ ಮಲಗಲಿ. ಮೊಮ್ಮಗಳು ಬೆರಳ ತುದಿಯಿಂದ ಒಂದೆರಡು ಸೆಕೆಂಡು ಹಗುರವಾಗಿ, ಒತ್ತದೆ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ಮುಟ್ಟಲಿ. ಮುಟ್ಟಿದಾಗಲೆಲ್ಲ ತಾತ ಹೇಳಬೇಕು. ಆರರಲ್ಲಿ ಎರಡು ತಪ್ಪಿದರೂ ವೈದ್ಯರಿಗೆ ತೋರಿಸಬೇಕು. ಗೊತ್ತಾಗದ ಬೆರಳನ್ನು ಮತ್ತೆ ಮತ್ತೆ ಮುಟ್ಟಿ ಪಾಸು ಮಾಡಿಸುವುದು ಬೇಡ. ಶಾಲೆಯ ಪರೀಕ್ಷೆಯಲ್ಲಿಯೂ ನಾವು ಹಾಗೆ ಮಾಡುವುದಿಲ್ಲ. ಇದಲ್ಲದೆ ಪ್ರತಿ ಸಂಜೆ ಕಾಲು ತೊಳೆದ ಮೇಲೆ ದೀಪದ ಬೆಳಕಿನಲ್ಲಿ ಅಂಗಾಲನ್ನು ನೋಡಬೇಕು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯಿಟ್ಟುಕೊಳ್ಳಲಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗೆ ಕೊರೆಯಬೇಡಿ. ಚಪ್ಪಲಿಯನ್ನು ಸಂಜೆ ಕೊಳ್ಳಿರಿ. ದಿನದ ನಡಿಗೆಯಿಂದ ಕಾಲು ಆಗ ತುಸು ಊದಿರುತ್ತದೆ, ಅಳತೆ ಸರಿಹೋಗುತ್ತದೆ.

ಸಕ್ಕರೆ, ರಕ್ತದೊತ್ತಡಗಳ ಮಾತ್ರೆಯನ್ನು ಮನೆಬಾಗಿಲಿಗೆ ತರುವ ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಆರಂಭವಾದದ್ದು 2021ರ ಆಗಸ್ಟ್ 5ರಂದು, ಅದೂ 2004ರವರೆಗೆ ಧರ್ಮಪುರಿಗೆ ಸೇರಿದ್ದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಹೆಸರು ನೋಡಿ ಇದು ಮಕ್ಕಳ ಯೋಜನೆಯೆಂದು ಬಿಟ್ಟವರಿದ್ದಾರೆ. ತಮಿಳಿನ 'ಮಕ್ಕಳ್' ಎಂದರೆ ಜನ, ನಾವು ಒಕ್ಕಲುಮಕ್ಕಳು ಎನ್ನುವಂತೆ. ಮಾತ್ರೆ ತರುವ ಆಕೆಗೆ ಕಾಲನ್ನೂ ತೋರಿಸಿರಿ. ಮಾತು ತೊಡಕಾದರೆ ಮರಗಟ್ಟಿದ್ದಕ್ಕೆ 'ಕಾಲು ಮರತ್ತುಪ್ಪೋಚ್ಚು' ಎನ್ನಿರಿ, ಹುಣ್ಣಿಗೆ 'ಪುಣ್ಣು' ಎನ್ನಿರಿ. ಆಣಿಗೆ ಅಲ್ಲಿಯೂ ಆಣಿಯೇ.